ಒಂದು ಎಂದು ಬರೆದ ಕಲ್ಲು

ಬೆಟ್ಟದ ಆ ರಾಷ್ಟ್ರೀಯ ಉದ್ಯಾನದಲ್ಲಿ ಗೇಟಿನಿಂದ ತುದಿಯವರೆಗೆ ಹದಿನೆಂಟು ಕಿಲೋಮೀಟರ್ ಏರುರಸ್ತೆ. ಕಾರಿನಲ್ಲಿ ಕೂತವರಿಗೆ ಅದು ಅರ್ಧ ಗಂಟೆಯ ನಿದ್ದೆ. ಸೈಕಲ್ಲಿನವರಿಗೆ ಮಾತ್ರ ಹಟ, ಹುಚ್ಚು, ಪ್ರಾಯಶ್ಚಿತ್ತ ಎಲ್ಲವೂ ಅದೇ. ತೆಳ್ಳನೆ ಟೈರಿನವರು ಟಾರು ರಸ್ತೆಯಲ್ಲೇ ಹತ್ತಿ ಟಾರು ರಸ್ತೆಯಲ್ಲೇ ಇಳಿಯುತ್ತಾರೆ. ದಪ್ಪ ಟೈರಿನವರು ಹತ್ತಿದ ಮೇಲೆ ಕಾಡಿನ ಮಣ್ಣುಹಾದಿಗೆ ನುಗ್ಗಿ, ಬೇರು ಬಂಡೆಗಳ ಮೇಲೆ ಎಗರಿಕೊಂಡು, ಮುಖದ ತುಂಬ ಕೆಸರು ಮೆತ್ತಿಕೊಂಡು ಇಳಿಯುತ್ತಾರೆ. ಹತ್ತುವಾಗ ಮಾತ್ರ ಇಬ್ಬರ ಪಾಡೂ ಒಂದೇ. ರಸ್ತೆಯ ಬದಿಗೆ ಕಿಲೋಮೀಟರಿಗೊಂದು ಬಿಳಿ ಕಲ್ಲು. ಅದರ ಮೇಲೆ, ತುದಿಗೆ ಇನ್ನೆಷ್ಟು ಉಳಿದಿದೆ ಎಂಬ ಕಪ್ಪು ಅಂಕಿ. ಗೇಟಿನ ಹತ್ತಿರ ಹದಿನೆಂಟು, ಆಮೇಲೆ ಹದಿನೇಳು, ಹೀಗೆ ಕರಗುತ್ತಾ ಹೋಗಿ ಕೊನೆಗೆ ಒಂದು.

ಆ ಒಂದನೆಯ ಕಲ್ಲಿಗೆ ಬಿದ್ದಷ್ಟು ಬೈಗುಳ ಉದ್ಯಾನದಲ್ಲಿ ಬೇರೆ ಯಾವುದಕ್ಕೂ ಬಿದ್ದಿಲ್ಲ. ಎರಡನೆಯ ಕಲ್ಲಿನಿಂದ ಒಂದನೆಯದಕ್ಕೆ ಕಣ್ಣು ಮಿಟುಕಿಸುವುದರೊಳಗೆ ಬಂದುಬಿಡಬಹುದು. ಒಂದರಿಂದ ತುದಿಗೆ ಮಾತ್ರ ದಾರಿ ಮುಗಿಯುವುದೇ ಇಲ್ಲ. ಇದೇ ಕೊನೆಯ ತಿರುವು ಎಂದುಕೊಂಡು ತಿರುಗಿದರೆ ಅದರಾಚೆ ಇನ್ನೊಂದು. ಮನುಷ್ಯನ ಬುದ್ಧಿ ನೋಡಿ: ಎರಡರಿಂದ ಒಂದಕ್ಕೆ ಬೇಗ ಬಂದರೆ ಅದು ತನ್ನ ಕಾಲಿನ ಬಲ, ಒಂದರಿಂದ ತುದಿಗೆ ತಡವಾದರೆ ಅದು ಕಲ್ಲು ನೆಟ್ಟವನ ತಪ್ಪು. ಕಲ್ಲು ನೆಟ್ಟ ಮೇಲಿನ ಮೂವತ್ತೊಂದು ವರ್ಷದಲ್ಲಿ ಒಬ್ಬನೇ ಒಬ್ಬ ಸವಾರ ಎರಡನೆಯ ಕಲ್ಲಿಗೆ ಥ್ಯಾಂಕ್ಸ್ ಹೇಳಿದ್ದಿಲ್ಲ.

ಕಲ್ಲುಗಳಿಗೆ ಜಾಗ ಗುರುತಿಸಿದವನು ಗಾಲಿಯಣ್ಣ. ಉದ್ಯಾನದ ಅಳತೆಗಾರ. ಉದ್ದನೆಯ ಹಿಡಿಯ ತುದಿಗೆ ಒಂದು ಗಾಲಿ, ಗಾಲಿ ಒಂದು ಸುತ್ತು ಉರುಳಿದರೆ ಒಂದು ಮೀಟರ್, ಸುತ್ತಿಗೊಮ್ಮೆ ಟಿಕ್ ಎಂದು ಹಿಡಿಯ ಮೇಲಿನ ಡಬ್ಬಿಯಲ್ಲಿ ಅಂಕಿ ಬದಲಾಗುತ್ತದೆ. ಅದನ್ನು ತಳ್ಳಿಕೊಂಡು ಅವನು ಅಳೆಯದ ರಸ್ತೆಯಿಲ್ಲ, ಮಣ್ಣುಹಾದಿಯಿಲ್ಲ. ಕೆಲಸದಲ್ಲಿ ಎಷ್ಟು ಕಟ್ಟುನಿಟ್ಟೋ ಮನೆಯಲ್ಲೂ ಅಷ್ಟೇ. ಕಿಟಕಿಯ ಪರದೆ ನೆಲದಿಂದ ಎರಡು ಬೆರಳು ಮೇಲಿರಬೇಕು ಎಂದರೆ ಎರಡೇ ಬೆರಳು. ಇಂಥವನು ಬಿಡುವಿದ್ದಾಗ ತುದಿಯ ಚಹಾದಂಗಡಿಯ ಬೆಂಚಿನ ಮೇಲೆ ಕೂತಿರುತ್ತಿದ್ದ. ಏದುಸಿರು ಬಿಡುತ್ತಾ ಬಂದ ಸವಾರರು "ಯಾವನ್ರೀ ಆ ಕಲ್ಲು ನೆಟ್ಟಿದ್ದು?" ಎಂದು ಶುರು ಮಾಡಿದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ತಟ್ಟನೆ ಎದ್ದು, ಕಟ್ಟಿದ್ದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗುತ್ತಿದ್ದ.

ಉತ್ತರ ಕೊಡಲು ಅವನ ಹೆಂಡತಿಯಿದ್ದಳಲ್ಲ. ಆ ಅಂಗಡಿ ಅವಳದೇ. ಒಂದೇ ಕೋಣೆ, ಎರಡು ಉದ್ದನೆಯ ಬೆಂಚು, ಬ್ರೆಡ್ಡು, ಬಾಳೆಹಣ್ಣು, ಬೇಯಿಸಿದ ಮೊಟ್ಟೆ. ಯಾರೂ ಮರೆತು ಒಯ್ಯಬಾರದೆಂದು ಮೇಜಿನ ಕಾಲಿಗೆ ಸರಪಳಿ ಹಾಕಿ ಕಟ್ಟಿದ ಗಾಳಿ ಪಂಪು. ಸವಾರರೆಲ್ಲ ಅವಳನ್ನು ಕರೆಯುತ್ತಿದ್ದುದು ತುದಿಯಕ್ಕ ಎಂದು. ಅವಳ ಮುಂದೆ ಕಲ್ಲಿನ ಸುದ್ದಿ ಎತ್ತಿದವರಿಗೆ ಚಹಾದ ಜೊತೆ ಮಂಗಳಾರತಿಯೂ ಸಿಗುತ್ತಿತ್ತು.

"ಅಳೆದಿದ್ದು ನಮ್ಮೆಜಮಾನ್ರು. ಒಂದು ಗೇಣು ಹೆಚ್ಚಿಲ್ಲ, ಒಂದು ಗೇಣು ಕಮ್ಮಿಯಿಲ್ಲ. ನಿಮ್ಮ ತೊಡೇಲಿ ದಮ್ಮಿಲ್ದೆ ಇದ್ರೆ ಕಲ್ಲೇನ್ ಮಾಡತ್ತೆ?"

ಆಮೇಲೆ ಅವಳು ತನ್ನ ಕಥೆ ಹೇಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ, ಬಣ್ಣದ ಡಬ್ಬಿ ಹೊತ್ತು, ಗಂಡನ ಹಿಂದೆ ಅದೇ ಕೊನೆಯ ಕಿಲೋಮೀಟರ್ ನಡೆದು ಹತ್ತಿದ ಕಥೆ. ಅವಳ ಬದುಕಿಗೆಲ್ಲ ಅದೇ ಅಳತೆಗೋಲು. ಗಂಡ ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದಾಗ, ಗಾಳಿಗೆ ಅಂಗಡಿಯ ಚಾವಣಿ ಹಾರಿಹೋದಾಗ, ಮಗಳ ಹೆರಿಗೆ ಕಷ್ಟವಾಗಿ ಎರಡು ದಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಅವಳು ಹೇಳಿದ್ದು ಒಂದೇ ಮಾತು: "ಆ ಒಂದು ಕಿಲೋಮೀಟರ್ ಹತ್ತಿದೋಳು ನಾನು. ಇದ್ಯಾವ ಮಹಾ."

ಗಾಲಿಯಣ್ಣನ ಎದೆಯಲ್ಲಿ ಮುಳ್ಳು ಮುರಿದಿದ್ದು ಅಲ್ಲಿಯೇ. ಯಾಕೆಂದರೆ ಅದು ಒಂದು ಕಿಲೋಮೀಟರ್ ಅಲ್ಲ.

ಮೂವತ್ತೊಂದು ವರ್ಷದ ಹಿಂದೆ ನಡೆದಿದ್ದು ಇಷ್ಟು. ಮದುವೆಯಾಗಿ ಆರು ತಿಂಗಳು. ಹುಡುಗಿ ಬಯಲುಸೀಮೆಯ ಪೇಟೆಯವಳು, ಮನೆಯ ಬಾಗಿಲು ತೆಗೆದರೆ ಅಂಗಡಿ ಸಾಲು ಕಾಣುವಲ್ಲಿ ಬೆಳೆದವಳು. ಇಲ್ಲಿ ಗೇಟಿನ ಪಕ್ಕದ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಮಾತಿಗೆ ಗಾಳಿ, ನೆರೆಹೊರೆಗೆ ಮರಗಳು. ಕಲ್ಲುಗಳಿಗೆ ಗುರುತು ಹಾಕುವ ದಿನ ಸಹಾಯಕನಿಗೆ ಜ್ವರ ಬಂದು, ಬಣ್ಣದ ಡಬ್ಬಿ ಹಿಡಿಯಲು ಅವಳೇ ಹೊರಟಳು. ಎರಡನೆಯ ಗುರುತು ದಾಟಿ ಮುನ್ನೂರ ತೊಂಬತ್ತು ಮೀಟರ್ ನಡೆದದ್ದೇ ತಡ, ಡಬ್ಬಿಯನ್ನು ಕುಕ್ಕಿ ಬಂಡೆಯ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು.

"ನಾಳೆ ಬಸ್ಸಿಗೆ ಅಮ್ಮನ ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ. ಈ ಬೆಟ್ಟ ನೀವೇ ಇಟ್ಕೊಳ್ಳಿ."

ಅದು ಸಿಟ್ಟಿನ ಮಾತಲ್ಲ, ಯೋಚಿಸಿ ಆಡಿದ ಮಾತು ಎಂದು ಅವನಿಗೆ ಗೊತ್ತಾಯಿತು. ಅವಳೇ ಮೂಗು ಒರೆಸಿಕೊಂಡು "ಇನ್ನೆಷ್ಟಿದೆ?" ಎಂದಳು. ಇದ್ದದ್ದು ಸಾವಿರದ ಆರುನೂರ ಹತ್ತು ಮೀಟರ್. ಗಾಲಿಯಣ್ಣ ಕುಂಚವನ್ನು ಬಣ್ಣದಲ್ಲಿ ಅದ್ದಿ, ಅವಳು ಕೂತ ಬಂಡೆಯ ಪಕ್ಕದಲ್ಲೇ ರಸ್ತೆಯ ಅಂಚಿಗೆ ದಪ್ಪಗೆ ಒಂದು ಎಂದು ಬರೆದ.

"ನೋಡು, ಇನ್ನೊಂದೇ ಕಣೇ."

ಅವಳು ನೋಡಿದಳು, ಎದ್ದಳು, ನಡೆದಳು. ತುದಿಯಲ್ಲಿ ಮೋಡ ಸರಿದು ಕೆಳಗಿನ ಕಣಿವೆಯೆಲ್ಲ ಕಂಡಾಗ, ಮದುವೆಯಾದ ಮೇಲೆ ಮೊದಲ ಸಲ ಬಾಯಿ ತುಂಬ ನಕ್ಕಳು. ಬಸ್ಸಿನ ಮಾತು ಮತ್ತೆ ಬರಲಿಲ್ಲ. ಮರುವಾರವೇ "ಇಲ್ಲೊಂದು ಚಹಾದಂಗಡಿ ಇಟ್ರೆ ಹೇಗೆ ರೀ?" ಎಂದು ಕೇಳಿದ್ದಳು. ಗುರುತನ್ನು ಮರುದಿನ ಅಳಿಸಿ ಸರಿಮಾಡಬೇಕೆಂದು ಅವನು ಹೋದರೆ, ಕಲ್ಲು ನೆಡುವ ತಂಡ ಅವನಿಗಿಂತ ಮೊದಲೇ ಬಂದು ಸಿಮೆಂಟು ಹಾಕಿ ಮುಗಿಸಿತ್ತು. ಈಗ ಕಲ್ಲು ಕೀಳಬೇಕೆಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅವಳ ಕಿವಿಗೆ ಬೀಳುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆಗೆ ಮೂವತ್ತೊಂದು ವರ್ಷವಾಯಿತು.

ಕೆಲಸ ಕೆಡಿಸಿದ್ದು ಸೈಕಲ್ ಹ್ಯಾಂಡಲ್ಲಿಗೆ ಬಂದ, ದೂರ ಅಳೆಯುವ ಪುಟ್ಟ ಯಂತ್ರಗಳು. ಪ್ರತಿ ಭಾನುವಾರ ಬರುತ್ತಿದ್ದ ಹಲ್ಲಿನ ಡಾಕ್ಟರೊಬ್ಬರು ಅಂಗಡಿಯಲ್ಲಿ ಅದನ್ನು ತೋರಿಸಿ, "ಅಕ್ಕ, ನೋಡಿ, ಕೊನೇದು ಸಾವಿರದ ಆರುನೂರು ಮೀಟರ್ ಇದೆ" ಎಂದರು.

"ನಿಮ್ಮ ಮಿಷಿನ್ನಿಗೆ ಚಳಿ ಹತ್ತಿರ್ಬೇಕು ಡಾಕ್ಟ್ರೇ. ಸ್ವೆಟರ್ ಹಾಕಿ."

ಡಾಕ್ಟರು ಬಿಡಲಿಲ್ಲ. ದಿನವೂ ಊರಿನವರ ಹಲ್ಲು ಕೀಳುವವರಿಗೆ ಒಂದು ಕಲ್ಲು ಕೀಳಿಸುವುದು ಎಷ್ಟರ ಮಾತು? ಅರ್ಜಿ ಬರೆದುಕೊಟ್ಟರು. ಉದ್ಯಾನಕ್ಕೆ ಬಂದಿದ್ದ ಹೊಸ ಅಧಿಕಾರಿ ಮೇಡಂ ಗಾಲಿಯಣ್ಣನನ್ನು ಕರೆದು, "ನೀವು ಮುಂದಿನ ತಿಂಗಳು ನಿವೃತ್ತರಾಗ್ತೀರಿ. ಅದಕ್ಕೆ ಮೊದಲು ಆ ಕೊನೇ ಕಿಲೋಮೀಟರ್ ಇನ್ನೊಂದ್ಸಲ ಅಳೆದು ಕೊಡಿ" ಎಂದರು. ಅವರ ಸೈಕಲ್ಲಿಗೂ ಅದೇ ಯಂತ್ರವಿತ್ತು. ಆದರೂ ಬೇರೇನೂ ಹೇಳಲಿಲ್ಲ.

ಸುದ್ದಿ ಕೇಳಿ ತುದಿಯಕ್ಕ ಕೆಂಡವಾದಳು. ಭಾನುವಾರ ಎಲ್ಲರೆದುರು ಡಾಕ್ಟರಿಗೆ ಸವಾಲು ಹಾಕಿದಳು.

"ಗಾಲಿ ನಾನೇ ತಳ್ತೀನಿ. ಒಂದು ಗೇಣು ತಪ್ಪಿದ್ರೂ ನಿಮ್ಮ ಕೆಸರು ಸೈಕಲ್ಲು ನನ್ನ ಕೈಯಾರೆ ತೊಳ್ದು ಕೊಡ್ತೀನಿ. ತಪ್ಪದೇ ಇದ್ರೆ ಈ ಬೆಂಚಿನ ಮೇಲೆ ನಿಂತು ನಮ್ಮೆಜಮಾನ್ರ ಹತ್ರ ಕ್ಷಮೆ ಕೇಳ್ಬೇಕು."

ಗಾಲಿಯಣ್ಣನಿಗೆ ವಾರವೆಲ್ಲ ಅನ್ನ ಸೇರಲಿಲ್ಲ. ಕಲ್ಲು ಹೋದರೆ ಹೋಗಲಿ, ಹೆಸರು ಹೋದರೂ ಹೋಗಲಿ. ಆದರೆ "ಇವರ ಮಾತು ಅಂದ್ರೆ ಅಳತೆ" ಎಂದು ನಂಬಿ ಊರಿಗೆಲ್ಲ ಸಾರಿದವಳು ಇನ್ನು ತನ್ನ ಯಾವ ಮಾತನ್ನು ನಂಬಿಯಾಳು? ಅಳೆಯುವ ದಿನ ಬೆಳಗ್ಗೆ ಅವಳು ಅಂಗಡಿಗೆಂದು ಬ್ರೆಡ್ಡು ಕತ್ತರಿಸುತ್ತಿದ್ದಾಗ ಧೈರ್ಯ ಮಾಡಿ ಹತ್ತಿರ ಹೋದ.

"ಅಲ್ಲ ಕಣೇ, ಆ ಕಲ್ಲಿನ ವಿಷಯ..."

"ನೀವು ಸುಮ್ನಿರಿ. ಇಷ್ಟು ವರ್ಷ ಸುಮ್ನಿದ್ದಿದ್ದಕ್ಕೇ ಇವ್ರೆಲ್ಲ ಇಷ್ಟು ಮಾತಾಡ್ತಿರೋದು."

ಉದ್ಯಾನದ ಜೀಪು ಅವರಿಬ್ಬರನ್ನು, ಆಫೀಸಿನಿಂದ ಕೊಟ್ಟ ಹೊಸ ಗಾಲಿಯ ಜೊತೆ, ಒಂದನೆಯ ಕಲ್ಲಿನ ಹತ್ತಿರ ಇಳಿಸಿತು. ಮೇಡಂ ಮತ್ತು ಡಾಕ್ಟರು ತುದಿಯಲ್ಲಿ ಕಾಯುತ್ತಿದ್ದರು. ಡಬ್ಬಿಯ ಅಂಕಿಯೇ ಸಾಕ್ಷಿ. ತುದಿಯಕ್ಕ ದಿನವೂ ಜೀಪಿನಲ್ಲೇ ಹೋಗಿ ಬರುವವಳು, ಈ ರಸ್ತೆಯಲ್ಲಿ ಅಂದಿನಿಂದ ಒಂದು ಹೆಜ್ಜೆಯೂ ನಡೆದವಳಲ್ಲ. ಸೆರಗು ಸಿಕ್ಕಿಸಿಕೊಂಡು, ಅಂಕಿಯನ್ನು ಸೊನ್ನೆಗೆ ತಂದು, ಗಾಲಿ ತಳ್ಳಿದಳು. ಟಿಕ್, ಟಿಕ್, ಟಿಕ್. ಗಾಲಿಯಣ್ಣ ಎರಡು ಹೆಜ್ಜೆ ಹಿಂದೆ. ಮುನ್ನೂರಕ್ಕೆ ಅವಳು ಹಾಡು ಗುನುಗುತ್ತಿದ್ದಳು. ಆರುನೂರಕ್ಕೆ ಹಾಡು ನಿಂತು ಉಸಿರು ಕೇಳತೊಡಗಿತು. ಒಂಬೈನೂರಕ್ಕೆ ಮಂಡಿ ಹಿಡಿದುಕೊಂಡು, "ಈ ತಿರುವು ದಾಟಿದ್ರೆ ಅಂಗಡಿ ಅಲ್ವಾ?" ಎಂದಳು.

ತಿರುವು ದಾಟಿತು. ಸಾವಿರವೂ ಆಯಿತು. ಅಂಗಡಿಯಿಲ್ಲ. ಎದುರಿಗೆ ಬರೀ ಏರು, ಅದರ ಕೊನೆಗೆ ಇನ್ನೊಂದು ತಿರುವು.

ಅವಳು ನಿಂತಳು. ಅಂಕಿ ನೋಡಿದಳು, ರಸ್ತೆ ನೋಡಿದಳು, ಡಬ್ಬಿಗೆ ಎರಡು ಏಟು ಕೊಟ್ಟಳು.

"ಗಾಲಿ ಕೆಟ್ಟಿದೆ ರೀ. ಹಳೇದೇ ತರ್ಬೇಕಿತ್ತು. ಇವ್ರು ಬೇಕಂತ್ಲೇ ಕೆಟ್ಟಿದ್ದು ಕೊಟ್ಟಿದ್ದಾರೆ."

ಈಗಲೂ ಅವಳು ತನ್ನ ಪರವಾಗಿಯೇ ನಿಂತಿದ್ದಾಳೆ ಎಂದು ತಿಳಿದಾಗ ಗಾಲಿಯಣ್ಣನಿಗೆ ಇನ್ನು ತಡೆಯುವುದಾಗಲಿಲ್ಲ.

"ಗಾಲಿ ಸರಿಯಾಗಿದೆ. ಕೆಟ್ಟೋನು ನಾನು. ಆವತ್ತು ನೀನು ಬಸ್ಸು ಹತ್ತಿ ಹೋಗ್ಬಿಡ್ತೀಯ ಅಂತ ಹೆದ್ರಿ, ನೀನು ಕೂತಲ್ಲೇ ಒಂದು ಅಂತ ಬರ್ದೆ. ಸುಳ್ಳು ಬರ್ದೆ."

ಅವಳು ಪೂರ್ತಿ ಅವನ ಕಡೆ ತಿರುಗಿದಳು. ಆಮೇಲೆ ಶುರುವಾಯಿತು.

"ಮೂವತ್ತೊಂದು ವರ್ಷ! ನಿಮಗೋಸ್ಕರ ಎಷ್ಟು ಜನರ ಹತ್ರ ಜಗಳ ಆಡಿದೀನಿ? ಪಾಪ, ಅವರ ತೊಡೆ, ಅವರ ಮಿಷಿನ್ನು, ಅವರ ವಂಶ ಎಲ್ಲಾ ಜಾಲಾಡಿದೀನಲ್ರೀ! ನೀವು ಅಲ್ಲೇ ಕೂತು ಲೇಸ್ ಕಟ್ಕೋತಿದ್ರಿ!"

"ಹೌದು."

"ಅಂದ್ರೆ ನಾನು ಹತ್ತಿದ್ದು ಒಂದು ಕಿಲೋಮೀಟರ್ ಅಲ್ವೇ ಅಲ್ಲ?"

"ಅಲ್ಲ. ಒಂದೂವರೆಗಿಂತ ಜಾಸ್ತಿ."

ಅವಳು ರಸ್ತೆಬದಿಯ ಮೋಟುಗೋಡೆಯ ಮೇಲೆ ಕುಸಿದು ಕೂತಳು. ಗಾಲಿ ಮಡಿಲಿಗೆ ಒರಗಿಕೊಂಡಿತು. ಗಾಲಿಯಣ್ಣ ಕೂರಲೂ ಧೈರ್ಯ ಸಾಲದೆ ನಿಂತೇ ಇದ್ದ.

"ಆವತ್ತು ನಿಜ ಹೇಳಿದ್ರೆ ನೀನು ಇಳಿದು ಹೋಗ್ತಿದ್ದೆ" ಎಂದ ಮೆಲ್ಲಗೆ.

"ಹೋಗೇ ಹೋಗ್ತಿದ್ದೆ" ಎಂದಳು ಅವಳು. ಮುಚ್ಚುಮರೆ ಅವಳ ಜಾಯಮಾನವಲ್ಲ. ಕೆಳಗಿನ ಕಣಿವೆಯನ್ನು ನೋಡುತ್ತಾ ಕೂತಳು. ಮಗಳು, ಮೊಮ್ಮಗು, ಅಂಗಡಿ, ಸರಪಳಿಯ ಪಂಪು, ಎಲ್ಲ ಆ ಇಳಿಯದ ದಾರಿಯಿಂದ ಬಂದದ್ದು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಈಗ ಇನ್ನೆಷ್ಟಿದೆ?"

ಇನ್ನು ಸಾಯುವ ತನಕ ಇವಳಿಗೆ ಸುಳ್ಳು ಹೇಳಬಾರದು ಎಂದು ಅವನು ಆಗಷ್ಟೇ ಮನಸ್ಸಿನಲ್ಲಿ ಆಣೆ ಮಾಡಿಕೊಂಡಿದ್ದ.

"ಆರುನೂರ ಹತ್ತು ಮೀಟರ್."

"ಆಗಲ್ಲ ನನ್ನ ಕೈಲಿ. ಮಂಡಿ ಎಳೀತಿದೆ." ಅವಳು ಮುಖ ತಿರುಗಿಸದೆಯೇ ಹೇಳಿದಳು: "ಆವತ್ತು ಹೇಳಿದ್ರಲ್ಲ, ಹಾಗೆ ಹೇಳಿ."

ಗಾಲಿಯಣ್ಣ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಕಣ್ಣು ಮಂಜಾಗಿ ಅವಳ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

"ಇಲ್ಲೇ ಕಣೇ. ಆ ತಿರುವು ದಾಟಿದ್ರೆ ಬಂದೇ ಬಿಡ್ತು."

"ಸುಳ್ಳುಬುರುಕ" ಎಂದಳು ತುದಿಯಕ್ಕ, ಎಬ್ಬಿಸು ಎಂದು ಕೈ ಚಾಚಿದಳು. ಉಳಿದ ದಾರಿಯಲ್ಲಿ ಗಾಲಿಯ ಹಿಡಿಯ ಮೇಲೆ ಇಬ್ಬರ ಕೈಗಳೂ ಇದ್ದವು.

ತುದಿಯಲ್ಲಿ ಅವಳೇ ಮುಂದೆ ಹೋಗಿ ಡಬ್ಬಿಯನ್ನು ಮೇಡಂ ಮುಖಕ್ಕೆ ಹಿಡಿದಳು. "ಸಾವಿರದ ಆರುನೂರ ಹತ್ತು. ಕಲ್ಲು ತಪ್ಪಿದೆ, ಕಿತ್ತು ಸರಿಯಾಗಿ ನೆಡ್ಸಿ." ಆಮೇಲೆ ಬಕೆಟ್ಟು ತಂದು ಡಾಕ್ಟರ ಸೈಕಲ್ಲಿನ ಮುಂದೆ ಕೂತಳು. ಗೆಲ್ಲುವ ನಂಬಿಕೆಯಿಂದ ಆ ಮಹಾಶಯರು ಬೆಳಗ್ಗೆಯೇ ಮಣ್ಣುಹಾದಿಯಲ್ಲಿ ಎರಡು ಸುತ್ತು ಹಾಕಿ, ಬಣ್ಣ ಯಾವುದೆಂದು ತಿಳಿಯದಷ್ಟು ಕೆಸರು ಬಳಿದುಕೊಂಡು ಬಂದಿದ್ದರು. ಈಗ ನಾಚಿಕೆಯಿಂದ "ಬೇಡ ಅಕ್ಕ, ಸವಾಲೆಲ್ಲ ತಮಾಷೆಗೆ" ಎಂದು ಕೈ ಹಿಡಿಯಲು ಬಂದರು.

"ಬಿಡಿ ಡಾಕ್ಟ್ರೇ. ನಮ್ಮನೇಲಿ ಒಬ್ಬರಾದ್ರೂ ಆಡಿದ ಮಾತಿಗೆ ನಿಲ್ಬೇಕಲ್ಲ."

ಗಾಲಿಯಣ್ಣ ನೀರು ಹೊಯ್ದ. ಅವಳು ಚೈನಿನ ಕೊಂಡಿ ಕೊಂಡಿಯನ್ನೂ ಉಜ್ಜಿದಳು.

ನಿವೃತ್ತಿಗೆ ಎರಡು ದಿನವಿದ್ದಾಗ ಕಲ್ಲನ್ನು ಆರುನೂರ ಹತ್ತು ಮೀಟರ್ ಮೇಲಕ್ಕೆ ನೆಟ್ಟರು. ಬಣ್ಣದ ಡಬ್ಬಿ ಹಿಡಿದವಳು ಅವಳೇ, ಕುಂಚ ಅವನದು. ಈಗ ಎಲ್ಲ ಸರಿಯಾಯಿತಲ್ಲ ಎಂದುಕೊಂಡರೆ, ಮುಂದಿನ ಭಾನುವಾರವೇ ಹೊಸ ದೂರು ಬಂತು. "ಅಕ್ಕ, ಕೊನೇ ಕಿಲೋಮೀಟರ್ ಹಾರಿಕೊಂಡು ಬಂದ್ವಿ, ನಮ್ಮ ಪ್ರಾಕ್ಟೀಸ್ ಅಂದ್ರೆ ಪ್ರಾಕ್ಟೀಸು. ಆದ್ರೆ ಆ ಎರಡರಿಂದ ಒಂದು ಇದೆಯಲ್ಲ, ಅದನ್ನ ಯಾವನೋ ಎಳೆದು ಉದ್ದ ಮಾಡಿದ್ದಾನೆ!"

ತುದಿಯಕ್ಕ ಲೋಟಗಳಿಗೆ ಚಹಾ ಬಗ್ಗಿಸುತ್ತಾ, ಬೆಂಚಿನ ಮೇಲೆ ಕೂತಿದ್ದ ಗಂಡನ ಕಡೆ ಗದ್ದ ಎತ್ತಿ ತೋರಿಸಿದಳು. ಈ ಸಲ ಅವನು ಲೇಸಿಗೆ ಕೈ ಹಾಕಲಿಲ್ಲ.

"ಅಳತೆ ಸರಿಯಾಗಿದೆ, ನಾನೇ ಅಳೆದಿದ್ದು" ಎಂದಳು ತುದಿಯಕ್ಕ. "ನಿಜ ಬೇಕಾದ್ರೆ ನನ್ನ ಕೇಳಿ. ಹತ್ತೋಕಾಗ್ದೆ ಅರ್ಧ ದಾರೀಲಿ ಕೂತ್ಬಿಟ್ರೆ ಮಾತ್ರ, ಇವ್ರನ್ನ ಕೇಳಿ."