ದೀಪ ಹಚ್ಚುವ ಹೊತ್ತಿನ ರಿಂಗು

ಕೂಟಗಲ್ ಹತ್ತಿರದ ಒಂದು ಹಳ್ಳಿ. ಅಲ್ಲಿನ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವ ಚೆಲುವಯ್ಯ ಹೆಸರಿಗಷ್ಟೇ ಚೆಲುವ, ಮುಖ ಮಾತ್ರ ಯಾವಾಗಲೂ ಹಾಗಲಕಾಯಿ ತಿಂದವನ ಹಾಗೆ. ಮೊದಲೇ ಮಾತು ಕಡಿಮೆ. ಮೂರು ವರ್ಷದ ಹಿಂದೆ ಹೆಂಡತಿ ಅಂಬುಜಮ್ಮ ತೀರಿಕೊಂಡ ಮೇಲೆ ಅದೂ ನಿಂತಿತು ಅನ್ನಿ. ಅವಳ ನಂಬರು ಅವನ ಮೊಬೈಲಿನಲ್ಲಿ ಇವತ್ತಿಗೂ ‘ಮನೆ’ ಅಂತಲೇ ಇದೆ. ತಿಥಿ ಮುಗಿದ ವಾರ ಕೈತಪ್ಪಿ ಒಮ್ಮೆ ಒತ್ತಿದ್ದ, ಸ್ವಿಚ್ ಆಫ್ ಆಗಿದೆ ಅಂತ ಯಾವಳೋ ಹೇಳಿದಳು. ಆಮೇಲೆ ಅದನ್ನು ಒತ್ತಲೂ ಇಲ್ಲ, ಅಳಿಸಲೂ ಇಲ್ಲ.

ಲೈಬ್ರರಿಗೆ ಯಾರೋ ಪುಣ್ಯಾತ್ಮರು ಹಳೇ ಕಂಪ್ಯೂಟರುಗಳನ್ನು ಕೊಟ್ಟರು, ಒಳಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿ. ಆದರೆ ಇಂಟರ್‌ನೆಟ್ಟೇ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಕೇಬಲ್ಲಿನವರು ಊರ ಸುತ್ತಲ ಬಂಡೆ ನೋಡಿ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋದರು. ಕಡೆಗೆ ಚೆಲುವಯ್ಯ ರಾಮನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಸಿದ್ಧಾರ್ಥನ ಹತ್ತಿರ ಹೋಗಿ ಮೊಬೈಲ್ ಸಿಗ್ನಲ್ಲಿನಿಂದ ನೆಟ್ಟು ಕೊಡುವ ಒಂದು ಯುಎಸ್‌ಬಿ ಡಾಂಗಲ್ಲು, ಅದರೊಳಗೆ ಹಾಕಲು ಹೊಸ ಸಿಮ್ಮು ತಂದ. ಕಂಪ್ಯೂಟರಿಗೆ ಚುಚ್ಚಿದರೆ ಅದು ತಾನು ಸಿ.ಡಿ. ಅಂದಿತು! ಅದರ ಬುದ್ಧಿಯೇ ಹಾಗೆ, ಮೊದಲು ಸಿ.ಡಿ. ವೇಷ ಹಾಕುತ್ತದೆ, ಜೊತೆಗೆ ನಾನು ಪೆನ್‌ಡ್ರೈವಿನಲ್ಲಿ ಕೊಟ್ಟಿರುವ ಮೋಡ್ ಸ್ವಿಚ್ ಪ್ರೋಗ್ರಾಮು ಹಾಕಿದರೆ ವೇಷ ಕಳಚಿ ನೆಟ್ಟು ತರುವ ಮೋಡೆಮ್ ಆಗುತ್ತದೆ ಅಂತ ಸಿದ್ಧಾರ್ಥ ಫೋನಿನಲ್ಲೇ ಹೇಳಿಕೊಟ್ಟ. ಚೆಲುವಯ್ಯ ಹಾಗೇ ಮಾಡಿದ. ಉದ್ದ ವೈರು ಕಟ್ಟಿ ಡಾಂಗಲ್ಲನ್ನು ಕಿಟಕಿ ಸರಳಿಗೆ ನೇತುಹಾಕಿದ. ಸಿಗ್ನಲ್ ಎಷ್ಟಿದೆ ನೋಡಲು ಪರದೆಯ ಮೇಲೆ ಒಂದು ಕಪ್ಪು ವಿಂಡೋ ತೆರೆದಿಟ್ಟ. ಅಂತೂ ನೆಟ್ಟು ಬಂತು.

ಅವತ್ತೇ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಆ ಕಪ್ಪು ವಿಂಡೋದಲ್ಲಿ ತಾನೇ ತಾನಾಗಿ ಒಂದು ಪದ ಮೂಡಿತು. ರಿಂಗ್. ಅದರ ಕೆಳಗೆ ಇನ್ನೊಂದು ರಿಂಗ್. ಸದ್ದಿಲ್ಲ, ಗದ್ದಲವಿಲ್ಲ, ಸಾಲಿನ ಕೆಳಗೆ ಸಾಲು. ಕೀಲಿಮಣೆ ಯಾರೂ ಮುಟ್ಟಿರಲಿಲ್ಲ. ಚೆಲುವಯ್ಯ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ನೆಟ್ಟು ಸತ್ತುಹೋಯಿತು. ಮರುದಿನವೂ ಅದೇ ಹೊತ್ತಿಗೆ ಅದೇ ಕಥೆ, ಅದರ ಮರುದಿನವೂ. ಒಂದು ಸಂಜೆ ಚೈತ್ರಾ ಅನ್ನುವ ಹುಡುಗಿಯ ಸ್ಕಾಲರ್‌ಶಿಪ್ ಅರ್ಜಿ ಅರ್ಧಕ್ಕೇ ಬಿದ್ದುಹೋಗಿ ಅವಳು ಅಳುತ್ತಾ ಮನೆಗೆ ಹೋದಳು. ಪಂಚಾಯಿತಿಯವರು, ಹಿಂಗಾದರೆ ಕಂಪ್ಯೂಟರು ಬೇರೆ ಊರಿಗೆ ಕೊಡ್ತೀವಿ ಅಂದರು.

ಸಿದ್ಧಾರ್ಥ ಕೇಳಿ ನಕ್ಕುಬಿಟ್ಟ. ದೆವ್ವವೂ ಇಲ್ಲ, ಭೂತವೂ ಇಲ್ಲ, ನಿಮ್ಮ ಸಿಮ್ಮಿಗೆ ಯಾರೋ ಫೋನ್ ಮಾಡ್ತಿದ್ದಾರೆ ಅಂದ. ಡಾಂಗಲ್ಲಿಗೆ ಕಿವಿ ಬಾಯಿ ಇಲ್ಲ, ಎತ್ತಲಾರದು, ಸುಮ್ಮನೆ ನೆಟ್ಟು ನಿಲ್ಲಿಸುತ್ತದೆ. ಕಪ್ಪು ವಿಂಡೋದಲ್ಲಿ ಟೈಪ್ ಮಾಡಲು ಅವನು ಎರಡು ಸಾಲು ಕೊಟ್ಟ. ಒಂದು ಟೈಪ್ ಮಾಡಿದರೆ ಕರೆದವರ ನಂಬರು ಕಾಣುತ್ತದೆ. ಇನ್ನೊಂದು ಮಾಡಿದರೆ ಕರೆಗಳೇ ಒಳಗೆ ಬರುವುದಿಲ್ಲ, ಅತ್ತಲಿನವರಿಗೆ ರಿಂಗಾಗುವುದಿಲ್ಲ.

ಚೆಲುವಯ್ಯ ಮೊದಲಿನದನ್ನು ಮಾಡಿದ. ಸಿಕ್ಕ ನಂಬರಿಗೆ ಮರುದಿನ ಬೆಳಿಗ್ಗೆ ತನ್ನ ಮೊಬೈಲಿನಿಂದ ಕರೆ ಮಾಡಿ, ನೀವು ದಿನಾ ಸಂಜೆ ಒಂದು ನಂಬರಿಗೆ ಫೋನ್ ಮಾಡ್ತೀರಲ್ಲ, ಅದು ನಮ್ಮ ಹತ್ತಿರ ಇದೆ ಅಂದ. ಅತ್ತ ಎತ್ತಿದ್ದು ಒಂದು ಹೆಂಗಸು.

“ನಮ್ ಲತಾ ನಿಮ್ಮತ್ರ ಅವ್ಳಾ?” ಅಂದಳು.

ಚೆಲುವಯ್ಯ ಅವಳ ಊರು ಯಾವುದು ಅಂತ ಕೇಳಿ ಬರೆದುಕೊಂಡ. ಇವಳಿಗೆ ಫೋನಿನಲ್ಲಿ ಏನೂ ಹೇಳಲಾಗುವುದಿಲ್ಲ ಅಂತ ಭಾನುವಾರ ಮಾಗಡಿ ಬಸ್ಸು ಹಿಡಿದ.

ಸಾವನದುರ್ಗದ ಬುಡದಲ್ಲಿ ಬೆಟ್ಟ ಹತ್ತುವವರಿಗೆ ಮಜ್ಜಿಗೆ, ಸೌತೆಕಾಯಿ ಮಾರುವ ದೊಡ್ಡಲಕ್ಷ್ಮಮ್ಮ ಅವಳು. ಮಗಳು ಲತಾಮಣಿ ಹೋದ ವರ್ಷ ಜ್ವರ ಬಂದು ತೀರಿಕೊಂಡಿದ್ದಳು. ಹಾಲುತುಪ್ಪದ ಶಾಸ್ತ್ರದ ದಿನ ಎಡೆ ಇಟ್ಟರೆ ಕಾಗೆ ಮುಟ್ಟಲಿಲ್ಲ. ಇನ್ನೊಂದು ದಿನ ಇಟ್ಟರು, ಆಗಲೂ ಮುಟ್ಟಲಿಲ್ಲ. ಅಂಗಡಿ ಎತ್ತುವ ಹೊತ್ತಿಗೆ ತಾಯಿ ಮಗಳ ನಂಬರು ಒತ್ತುತ್ತಿದ್ದಳು. ತಿಂಗಳುಗಟ್ಟಲೆ ಆ ನಂಬರು ಚಾಲ್ತಿಯಲ್ಲಿಲ್ಲ ಅಂತಿತ್ತು. ಒಂದು ಸಂಜೆ ಇದ್ದಕ್ಕಿದ್ದಂತೆ ರಿಂಗಾಯಿತು.

ಸತ್ತವರ ನಂಬರನ್ನು ಕಂಪನಿಯವರು ಸ್ವಲ್ಪ ಕಾಲ ಬಿಟ್ಟು ಬೇರೆಯವರಿಗೆ ಕೊಡುತ್ತಾರೆ, ಅದೀಗ ಕಿಟಕಿಯಲ್ಲಿ ನೇತಾಡುವ ಒಂದು ಡಾಂಗಲ್ಲಿನಲ್ಲಿದೆ ಅಂತ ಚೆಲುವಯ್ಯ ಬಿಡಿಸಿ ಹೇಳಿದ. ಫೋನ್ ಮಾಡಬೇಡಿ ತಾಯಿ, ಮಕ್ಕಳ ಓದಿಗೆ ತೊಂದರೆ ಅನ್ನುವ ಮಾತನ್ನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅದನ್ನು ಹೇಳುವ ಬದಲು ಒಂದು ಸೌತೆಕಾಯಿ ಕೊಂಡ.

“ಅವ್ಳಿಲ್ಲ ಅಂತ ಗೊತ್ತು ಕಣಣ್ಣ. ಮಣ್ಣಿಗಿಟ್ಟಿದ್ದ ಕಣ್ಣಾರೆ ನೋಡಿವ್ನಿ,” ಅಂದಳು ದೊಡ್ಡಲಕ್ಷ್ಮಮ್ಮ. “ಕಾಗೆ ಮುಟ್ನಿಲ್ವಲ್ಲ, ಎಲ್ಲವ್ಳೋ, ಏನುಂಡ್ಳೋ ಅಂತ ಒಟ್ಟೆ ಉರೀತಿತ್ತು. ಈಗ ರಿಂಗಾಯ್ತದೆ. ಎಲ್ಲೋ ಕೆಲ್ಸದಲ್ಲವ್ಳೆ, ಅದ್ಕೇ ಎತ್ತಾಕಿಲ್ಲ ಅಂದ್ಕಂಡು ಒಸಿ ಉಣ್ತೀನಿ.” ಒಂದು ಲೋಟ ಮಜ್ಜಿಗೆ ಅವನ ಕೈಗಿಟ್ಟಳು. “ನೀವು ಮಾತ್ರ ಎತ್ತಬ್ಯಾಡಿ. ಎತ್ತುದ್ರೆ ಬ್ಯಾರೆಯವ್ರ ದನಿ ಬತ್ತದೆ.”

ಸೋಮವಾರ ಚೆಲುವಯ್ಯ ಸಿದ್ಧಾರ್ಥ ಕೊಟ್ಟ ಎರಡನೇ ಸಾಲನ್ನು ಟೈಪ್ ಮಾಡಿದ. ಎಂಟರ್ ಒತ್ತಿದರೆ ಆಯಿತು, ನೆಟ್ಟು ಉಳಿಯುತ್ತದೆ, ಕಂಪ್ಯೂಟರುಗಳೂ ಉಳಿಯುತ್ತವೆ. ಆದರೆ ಆ ತಾಯಿಗೆ ಮಗಳು ಇನ್ನೊಂದು ಸಲ ಸಾಯುತ್ತಾಳೆ. ಒಂದೊಂದೇ ಅಕ್ಷರ ಅಳಿಸಿದ. ಚೈತ್ರಾಳನ್ನು ಕರೆಸಿ ಅವಳ ಅರ್ಜಿಯನ್ನು ಹಗಲಿನಲ್ಲೇ ತುಂಬಿಸಿ ಕಳಿಸಿದ. ಬಾಗಿಲ ಪಕ್ಕದ ಬೋರ್ಡಿನಲ್ಲಿ, ದೀಪ ಹಚ್ಚುವ ಹೊತ್ತಿಗೆ ನೆಟ್ಟಿಗೆ ಸ್ವಲ್ಪ ವಿಶ್ರಾಂತಿ ಅಂತ ಬರೆದ. ಪಂಚಾಯಿತಿಯವರಿಗೂ ಅದನ್ನೇ ಹೇಳಿದ. ಅವರು ಗೊಣಗಿಕೊಂಡೇ ಒಪ್ಪಿದರು. ಚೆಲುವಯ್ಯನ ನೆಟ್ಟಿಗೂ ಸಂಧ್ಯಾವಂದನೆ ಇದೆ ಕಣ್ರಪ್ಪ ಅಂತ ಊರವರು ಗೇಲಿ ಮಾಡಿದರು. ಮಾಡಲಿ ಬಿಡಿ.

ಆ ಸಂಜೆ ಎಲ್ಲರೂ ಹೋದ ಮೇಲೆ ಅವನೊಬ್ಬನೇ ಕಪ್ಪು ವಿಂಡೋದ ಮುಂದೆ ಕೂತ. ಹೊತ್ತಿಗೆ ಸರಿಯಾಗಿ ರಿಂಗ್ ಮೂಡಿತು. ಅದನ್ನು ನೋಡುತ್ತ ನೋಡುತ್ತ ಚೆಲುವಯ್ಯನ ಕೈ ತನ್ನ ಮೊಬೈಲಿಗೆ ಹೋಯಿತು. ‘ಮನೆ’ ಅಂತಿದ್ದುದನ್ನು ಒತ್ತಿ ಕಿವಿಗಿಟ್ಟುಕೊಂಡ.

ರಿಂಗಾಯಿತು.

ಆ ನಂಬರು ಈಗ ಯಾವ ಊರಿನಲ್ಲಿದೆಯೋ, ಯಾರ ಜೇಬಿನಲ್ಲಿದೆಯೋ. ಪರದೆಯ ಮೇಲೆ ಸಾಲು ಸಾಲಾಗಿ ರಿಂಗ್ ಇಳಿಯುತ್ತಿತ್ತು, ಕಿವಿಯಲ್ಲಿ ಅಂಬುಜಮ್ಮನ ಫೋನು ಹೊಡೆದುಕೊಳ್ಳುತ್ತಲೇ ಇತ್ತು.

“ಎತ್ತಬ್ಯಾಡಿ,” ಅಂದ ಚೆಲುವಯ್ಯ, ಖಾಲಿ ಕೋಣೆಯಲ್ಲಿ. “ಯಾರಾದ್ರೂ ಆಗಿರಿ ಸಾಮಿ, ಎತ್ತಬ್ಯಾಡಿ.”