ಹಳ್ಳದ ಕೊಳಚೆಯೂ ಅಂಚೆಗೆ ಹೋಗದ ಆರು ಪ್ರತಿಗಳೂ

ಕಳೆದ ವಾರ ಬುಧವಾರ ಸಂಜೆ ನೀರಿನ ಕಂಪನಿಯವರು ನಮ್ಮ ಮನೆಗೆ ಫೋನ್ ಮಾಡಿದರು. ನಾನು ಅವರಿಗಲ್ಲ, ಅವರೇ ನನಗೆ! ಅಂಥ ಕಂಪನಿಗೆ ಫೋನ್ ಮಾಡಿ, ಸಂಗೀತ ಕೇಳುತ್ತಾ ರಿಸೀವರ್ ಹಿಡಿದು ನಿಂತ ಅನುಭವವುಳ್ಳ ಓದುಗರು ಇದರ ಮಹತ್ವವನ್ನು ಮನಗಾಣುವರೆಂದು ಭಾವಿಸಿದ್ದೇನೆ.

(ಅಂಕಣಕ್ಕೆ ನಾನು ಹೊಸಬ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.)

ಸದರಿ ಪ್ರಕರಣದ ಹಿನ್ನೆಲೆ ಹೀಗಿದೆ. ಇಂಗ್ಲಿಷರ ನಾಡಿನ ಹಾರ್ಬೋರ್ನ್‌ನ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ, ತರಕಾರಿ ಬೆಳೆಯಲೆಂದು ನಗರದ ಕೌನ್ಸಿಲ್‌ನವರು ಹಂಚಿರುವ ಅಲಾಟ್‌ಮೆಂಟ್ ಇದೆ. ಅದರಲ್ಲೊಂದು ತುಂಡು ನೆಲ ನನ್ನದು. ಪಕ್ಕದ್ದು ಕೋಲಾರದ ಡಾಕ್ಟರ್ ಇಮ್ತಿಯಾಜ್ ಅವರದು. ಇಬ್ಬರದೂ ಒಂದೇ ಬೆಳೆ: ಮೆಂತ್ಯದ ಸೊಪ್ಪು. ಅಂಚಿನಲ್ಲೊಂದು ಹಳ್ಳ. ಗಿಡಗಳಿಗೆ ಮೊಗೆದು ಹಾಕುವುದು ಅದರ ನೀರನ್ನೇ.

ಆ ಹಳ್ಳಕ್ಕೆ ಒಳಚರಂಡಿಯ ಕೊಳವೆಯೊಂದು ಬಂದು ಸೇರುತ್ತದೆ. ಜೋರು ಮಳೆಗೆ ಚರಂಡಿ ತುಂಬಿದಾಗ ಮಾತ್ರ ಅದು ಹರಿಯಬೇಕೆಂಬುದು ನಿಯಮ. ಈ ಬೇಸಿಗೆಯಲ್ಲಿ ಒಣ ಬಿಸಿಲಿನಲ್ಲೂ ಹರಿಯತೊಡಗಿತು. ಏನು ಹರಿಯಿತೆಂದು ವಿವರಿಸುವುದು ಸಭ್ಯತೆಯಲ್ಲ.

"ಆ ಸೊಪ್ಪು ಈ ಅಡುಗೆಮನೆ ಒಳಗೆ ಬಂದ್ರೆ ನಾನು ಹೊರಗೆ, ನೋಡಿ!" ಎಂದಳು ನನ್ನ ಪತ್ನಿ ಶೈಲಜಾ.

ಡಾಕ್ಟರೂ ಅವಳ ಪರವೇ. "ರಾಯರೇ, ಇದನ್ನ ತಿಂದ್ರೆ ನೀವು ಸೀದಾ ನನ್ನ ವಾರ್ಡಿಗೇ ಬರೋದು. ಅಲ್ಲಿ ಮೊದಲೇ ಬೆಡ್ ಇಲ್ಲ!"

ಇಲ್ಲಿ ಒಳಚರಂಡಿಯನ್ನು ನೋಡಿಕೊಳ್ಳುವುದೂ ನೀರಿನ ಕಂಪನಿಯೇ. ಅದಕ್ಕೆ ಮೂರು ಬಾರಿ ಪತ್ರ ಬರೆದೆ. ಮೂರು ಬಾರಿಯೂ ಉತ್ತರ ಬಂತು: ವಿಷಾದಿಸುತ್ತೇವೆ, ಗಮನಿಸಿದ್ದೇವೆ. (ಗಮನಿಸುವುದು ಕಷ್ಟವೇನಲ್ಲ. ಮೂಗಿದ್ದರೆ ಸಾಕು.) ಕೊಳವೆ ಕಂಪನಿಯದು, ಅದನ್ನು ನೋಡಿ ವರದಿ ಬರೆಯುವವರೂ ಕಂಪನಿಯವರೇ. ಅವಸರ ಯಾರಿಗೆ?

ನಾಲ್ಕನೆಯ ಪತ್ರವನ್ನು, ಬೆಂಗಳೂರಿನ ಸರ್ಕಾರಿ ಕಚೇರಿಯಲ್ಲಿ ಮೊದಲ ನೌಕರಿಯಲ್ಲಿದ್ದಾಗ ಕಲಿತ ಕ್ರಮದಲ್ಲೇ ಬರೆದೆ. ವಿಷಯ, ಉಲ್ಲೇಖ, ಸಹಿ. ಸಹಿಯ ಕೆಳಗೆ ಎಡಕ್ಕೆ, 'ಪ್ರತಿಗಳು: ಮಾಹಿತಿಗಾಗಿ ಹಾಗೂ ಅಗತ್ಯ ಕ್ರಮಕ್ಕಾಗಿ'. ನದಿಗಳ ಉಸ್ತುವಾರಿ ಇಲಾಖೆ, ನೀರಿನ ಕಂಪನಿಗಳ ನಿಯಂತ್ರಕರು, ಕೌನ್ಸಿಲ್, ಎಂಪಿ, ಸ್ಥಳೀಯ ಪತ್ರಿಕೆ. ಆರನೆಯದಾಗಿ ನಮ್ಮ ಜಿಪಿ, ಅಂದರೆ ನೆಗಡಿ-ಜ್ವರಕ್ಕೆ ನಾವು ಹೋಗುವ ಬಡಾವಣೆಯ ವೈದ್ಯರು.

"ಜಿಪಿಗ್ಯಾಕೆ?" ಎಂದಳು ಶೈಲಜಾ.

"ಹಾಳೇಲಿ ಜಾಗ ಇತ್ತಲ್ಲ."

ಮೂಲಪತ್ರ ಸೋಮವಾರ ಅಂಚೆಗೆ ಹೋಯಿತು. ಪ್ರತಿಗಳು ಹೋಗಲಿಲ್ಲ. ಲೈಬ್ರರಿಯ ಜೆರಾಕ್ಸ್ ಯಂತ್ರ ಕೆಟ್ಟಿತ್ತು. ಶನಿವಾರ ಬನ್ನಿ ಎಂದಿದ್ದರು.

ಬುಧವಾರ ಬಂದದ್ದೇ ಆ ಫೋನ್. ಬಹಳ ಮೃದುವಾದ ಇಂಗ್ಲಿಷ್ ದನಿ. "ಸರ್, ಆ ಪ್ರತಿಗಳನ್ನು ಈಗಾಗಲೇ ಕಳಿಸಿಬಿಟ್ಟಿರಾ?"

ನನಗೆ ಸುಳ್ಳು ಹೇಳಲು ಬಾರದು. "ಇಲ್ಲ. ಶನಿವಾರ ಕಳಿಸುತ್ತೇನೆ" ಎಂದೆ.

"ಶುಕ್ರವಾರ ಬೆಳಿಗ್ಗೆಯೇ ನಮ್ಮವರು ಬಂದರೆ ಆದೀತೆ?"

ಬಂದರು! ಎರಡು ವ್ಯಾನು, ಹಳದಿ ಜಾಕೆಟಿನ ಐವರು, ಆನೆಯ ಸೊಂಡಿಲಿನಷ್ಟು ದಪ್ಪದ ಪೈಪು. ಚರಂಡಿಯಲ್ಲಿ ಕಟ್ಟಿಕೊಂಡಿದ್ದ ಜಿಡ್ಡಿನ ಗೋಡೆಯನ್ನು ಒಡೆದರು. ಮಧ್ಯಾಹ್ನದೊಳಗೆ ಕೊಳವೆ ಒಣಗಿತು. ಡಾಕ್ಟರು ಫ್ಲಾಸ್ಕಿನ ಚಹಾ ಹಂಚಿದರು. "ಯಾರನ್ನು ಹೆದರಿಸಿದೆ, ಮೇಟ್?" ಎಂದು ಐವರಲ್ಲಿ ಹಿರಿಯನೊಬ್ಬ ನನ್ನ ಬೆನ್ನು ತಟ್ಟಿದ. "ಇಷ್ಟು ಬೇಗ ನಮ್ಮನ್ನು ಯಾರೂ ಓಡಿಸಿರಲಿಲ್ಲ!"

ಹಳೆಯ ಸೊಪ್ಪನ್ನೆಲ್ಲ ಕಿತ್ತೆಸೆದು, ಮಣ್ಣು ಬದಲಿಸಿ, ಹಾಡಿಕೊಳ್ಳುತ್ತಲೇ ಮೆಂತ್ಯ ಬಿತ್ತಿದೆವು.

"ಇನ್ನು ಪ್ರತಿಗಳು ಬೇಡ, ಅಲ್ವಾ ಡಾಕ್ಟ್ರೇ?" ಎಂದೆ.

"ಅರೆ, ಏನ್ ರಾಯರೇ! ಹಳ್ಳದ ಕೆಳಗಡೆ ಅಂಥವೇ ಕೊಳವೆ ಎಷ್ಟಿವೆಯೋ! ಅಲ್ಲಿಯವರಿಗೆ ಯಾರ್ರೀ ಉಲ್ಲೇಖ ಹಾಕಿ ಬರ್ಕೊಡ್ತಾರೆ?"

ಶನಿವಾರ ಯಂತ್ರ ಸರಿಯಾಗಿತ್ತು. ಕೊಳವೆ ದುರಸ್ತಿಯಾದ ವಿಷಯವನ್ನೂ ನ್ಯಾಯವಾಗಿ ಸೇರಿಸಿ, ಆರು ಪ್ರತಿಗಳನ್ನೂ ಅಂಚೆಗೆ ಹಾಕಿದೆ. (ಜಿಪಿಯವರು ಕ್ಷಮಿಸಬೇಕು.)

ಹೋಗದ ಪ್ರತಿಗೇ ಇಷ್ಟು ಬೆವರಿದ ಕಂಪನಿ, ಹೋದ ಪ್ರತಿಯನ್ನು ಓದಿ, ಹಳ್ಳಕ್ಕಿಳಿದು ನೋಡಿ, ದಂಡ ಹಾಕಿಯೇ ತೀರುವ ಇಲಾಖೆಯಿದ್ದರೆ ಇನ್ನೆಷ್ಟು ಬೆವರೀತು?