ಕೊಳವೆಯೊಳಗಿನ ಚಿಕ್ಕಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಖಾನೆಯ ಶೆಡ್ಡಿನಲ್ಲಿ ಉದ್ದನೆಯ ಲೋಹದ ಕೊಳವೆಯೊಂದು ಅಡ್ಡಡ್ಡ ಮಲಗಿದೆ. ಅದರ ಬಾಯಿಯಿಂದ ಎರಡು ಪಾದಗಳಷ್ಟೇ ಹೊರಗೆ ಕಾಣುತ್ತಿವೆ. ಪಾದಗಳ ಒಡತಿ ಒಳಗೆ ಬೋರಲು ಮಲಗಿ ಮರದ ಸುತ್ತಿಗೆಯಿಂದ ಗೋಡೆ ತಟ್ಟುತ್ತಾರೆ, ಕಿವಿಗೊಡುತ್ತಾರೆ, ಒಂದು ಗೇಣು ಮುಂದಕ್ಕೆ ತೆವಳುತ್ತಾರೆ.

ಇದು ಖಂಡ ದಾಟಿ ಹಾರಬೇಕಾದ ಕ್ಷಿಪಣಿಯ ಹೊಟ್ಟೆ. ಇಂಧನ ತುಂಬುವ ಮುನ್ನ ಒಳಗೋಡೆಗೆ ರಬ್ಬರು ಹಾಳೆ ಅಂಟಿಸುತ್ತಾರೆ. ಹಾಳೆಯಡಿ ಗಾಳಿ ಉಳಿದರೆ, ಹಾರುವಾಗ ಇಂಧನದ ಬೆಂಕಿ ಲೋಹಕ್ಕೆ ತಗಲಿ ಎಲ್ಲವೂ ಢಮಾರ್. "ಟೊಳ್ಳಿದ್ರೆ ಸದ್ದೇ ಹೇಳಿಬಿಡುತ್ತೆ. ಕಲ್ಲಂಗಡಿ ತಟ್ಟಿ ನೋಡಲ್ವಾ, ಹಾಗೇ," ಎನ್ನುತ್ತಾರೆ, ಹೊರಬಂದು ಮಂಡಿ ನೀವಿಕೊಳ್ಳುತ್ತ.

ಗಂಡ ತೀರಿಕೊಂಡ ಮೇಲೆ ಕಸ ಗುಡಿಸಲು ಸೇರಿದವರು. ಆಳು ಚಿಕ್ಕದು, ಕೊಳವೆಯೊಳಗೆ ಹಿಡಿಸುತ್ತದೆ ಎಂದು ಮೇಸ್ತ್ರಿ ಇತ್ತ ಎಳೆದುಕೊಂಡ. ಅಂದಿನಿಂದ ಇಡೀ ಶೆಡ್ಡಿಗೆ ಅವರು 'ಚಿಕ್ಕಮ್ಮ'. ದಿನಕ್ಕೆ ಎರಡು ಕೊಳವೆ ತಟ್ಟಿದರೆ ಸಂಜೆ ಮೆಟ್ಟಿಲು ಹತ್ತಲು ಕಾಲು ಕೇಳುವುದಿಲ್ಲ.

ಕಡಲಾಚೆಯ ದೇಶದಲ್ಲಿ ಮಾತ್ರ ಒಬ್ಬಳು ಅವರನ್ನು ದೊಡ್ಡಮ್ಮ ಎನ್ನುತ್ತಾಳೆ, ಅಲ್ಲಿಗೆ ಮದುವೆಯಾಗಿ ಹೋದ ತಂಗಿಯ ಮಗಳು. ಮುಂದಿನ ತಿಂಗಳು ಆಕೆಯ ಮದುವೆ. ಚಿಕ್ಕಮ್ಮ ರಜೆ ಕೇಳಿದರು. ಈ ಶೆಡ್ಡಿನವರು ಆ ದೇಶಕ್ಕೆ ಕಾಲಿಡುವಂತಿಲ್ಲ ಎಂದು ಕಚೇರಿ ಕಡ್ಡಿ ಮುರಿದಂತೆ ಹೇಳಿತು. ಅಲ್ಲೂ ಕ್ಷಿಪಣಿ ಕಟ್ಟುತ್ತಿದ್ದಾರಲ್ಲ! ಅವರದು ಉದ್ದವಾದರೆ ನಮ್ಮದು ಇನ್ನೂ ಉದ್ದ, ನಮ್ಮದು ಉದ್ದವಾದರೆ ಅವರದು ಮತ್ತೂ ಉದ್ದ. ಈ ಜಿದ್ದಿಗೆ ಕೊನೆ ಎಲ್ಲಿದೆಯೋ, ಕೇಳಿದರೆ ಯಾರಿಗೂ ಗೊತ್ತಿಲ್ಲ. "ಅಲ್ಲೂ ನನ್ನಂಥೋಳು ಒಬ್ಳು ತೆವಳ್ತಾ ಇರ್ಬೇಕು. ಅವಳಿಗೂ ಮಂಡಿ ನೋವೇ, ಪಾಪ."

ಕಳೆದ ವಾರ ಸಮುದ್ರದತ್ತ ಹಾರಿಸಿದ ಕ್ಷಿಪಣಿಯ ಪರೀಕ್ಷೆ ಯಶಸ್ವಿಯಾಯಿತು. ಶೆಡ್ಡಿನಲ್ಲಿ ಸಿಹಿ ಹಂಚಿದರು, ಚಿಕ್ಕಮ್ಮನೂ ತಿಂದರು. ಮನೆಗೆ ಬಂದು ಟಿವಿ ಹಾಕಿದರೆ ಭೂಪಟದ ಮೇಲೊಂದು ಕೆಂಪು ವೃತ್ತ, ಕ್ಷಿಪಣಿ ಎಲ್ಲಿವರೆಗೆ ಮುಟ್ಟುತ್ತದೆಂದು ತೋರಿಸಲು. ತಂಗಿಯ ಊರು ಅದರ ಒಳಗೇ ಇತ್ತು. ಅಷ್ಟರಲ್ಲೇ ಫೋನು. ಆ ಕಡೆ ಮದುವಣಗಿತ್ತಿ, ತಮಾಷೆಗೆಂದೇ ಕೇಳಿದಳು: "ದೊಡ್ಡಮ್ಮಾ, ನಿಮ್ಮದು ನಮ್ಮನೇವರೆಗೂ ಬರುತ್ತಂತೆ. ನೀವ್ಯಾಕೆ ಬರಲ್ಲ?"

ಬೆಳಗಾದರೆ ಚಿಕ್ಕಮ್ಮ ಮತ್ತೆ ಸುತ್ತಿಗೆ ಹಿಡಿಯುತ್ತಾರೆ. "ಟೊಳ್ಳು ಕೇಳಿಸಿದ್ರೂ ಹಾಗೇ ಬಿಟ್ಟು ಎದ್ದು ಬರೋಕೆ ಕೈ ಬರಲ್ಲ. ಚೆನ್ನಾಗಿ ಹಾರ್ಲಿ ಅಂತ ಬೇಡ್ಕೊಳ್ಳೋಕೆ ಬಾಯಿ ಬರಲ್ಲ. ಏನು ಹೆಂಗಸೋ ನಾನು!"

ಹಾಗಾದರೆ ಏನು ಆಸೆ ಎಂದರೆ, ಕೊಳವೆಯ ಬೆನ್ನು ಸವರಿ ಹೇಳುತ್ತಾರೆ: "ಇಷ್ಟು ದಿನ ಎಲ್ಲಾ ಸಮುದ್ರಕ್ಕೇ ಬಿದ್ದಿವೆ. ಇದೂ ಅಲ್ಲೇ ಬೀಳ್ಲಿ. ಅವಳ ಮನೆಗೆ ಇಲ್ಲಿಂದ ಹೋಗೋದಿದ್ರೆ ನಾನೇ ಹೋಗ್ಬೇಕು, ಇದು ಹೋಗ್ಬಾರ್ದು."